ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು ಬರೆಯಿರಿ

ಮಾನ್ಯ ಸಂಪಾದಕರಿಗೆ,

ಮೇ 17 ಬಂದರೆ ರಕ್ತದೊತ್ತಡ ದಿನ, ನವೆಂಬರ್ 14 ಬಂದರೆ ಮಧುಮೇಹ ದಿನ. ಎರಡೂ ದಿನ ನಮ್ಮ ರಾಯಚೂರು ಜಿಲ್ಲೆಯಲ್ಲಿ ಜಾಥಾ ಹೊರಡುತ್ತದೆ, ಬ್ಯಾನರ್ ಕಟ್ಟುತ್ತಾರೆ, ‘ಉಪ್ಪು ಕಡಿಮೆ ಮಾಡಿ, ಸಕ್ಕರೆ ಕಡಿಮೆ ಮಾಡಿ, ವ್ಯಾಯಾಮ ಮಾಡಿ’ ಎಂದು ಕೂಗುತ್ತಾರೆ. ಮಾತು ಸರಿ. ಆದರೆ ಎಷ್ಟಿದ್ದದ್ದನ್ನು ಎಷ್ಟಕ್ಕೆ ಇಳಿಸಬೇಕು ಎಂಬುದು ಬ್ಯಾನರಿನಲ್ಲಿ ಇರುವುದಿಲ್ಲ. ‘ಕಡಿಮೆ’ ಎಂಬುದು ಅಳತೆಯಲ್ಲ. ಯಾವ ಮನೆಯಲ್ಲಿ ಕೇಳಿದರೂ ‘ನಾವು ಉಪ್ಪು ಕಮ್ಮೀನೇ ಹಾಕ್ತೀವ್ರಿ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಅವರ ನಾಲಿಗೆಗೆ ಅದು ಕಮ್ಮಿಯೇ. ಹೀಗಾಗಿ ಜಾಥಾ ಮುಗಿಯುತ್ತದೆ, ಅಡುಗೆಮನೆಯ ಉಪ್ಪಿನ ಡಬ್ಬಿ ಇದ್ದಲ್ಲಿಯೇ ಇರುತ್ತದೆ.

ಕಾಯಿಲೆಯ ಭಾರ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಜನರಿಗೆ ಸಕ್ಕರೆ ಕಾಯಿಲೆ ಇದೆ, ಅಂದರೆ ಹತ್ತು ಕೋಟಿಗೂ ಹೆಚ್ಚು ಜನ. ಇನ್ನೂ ಶೇ 15.3ರಷ್ಟು ಜನ ಅದರ ಹೊಸ್ತಿಲಲ್ಲಿದ್ದಾರೆ. ರಕ್ತದೊತ್ತಡ ಶೇ 35.5ರಷ್ಟು ಜನರಿಗೆ. ಮೂವರಲ್ಲಿ ಒಬ್ಬರಿಗೂ ಮಿಕ್ಕಿತು ಇದು. ಹೊಸ್ತಿಲಲ್ಲಿ ಇರುವವರನ್ನು ಹಿಂದಕ್ಕೆ ಎಳೆಯಬಹುದು ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ವಾರಕ್ಕೆ 150 ನಿಮಿಷದ ನಡಿಗೆ ಮತ್ತು ಶೇ 7ರಷ್ಟು ತೂಕ ಇಳಿಸುವ ಗುರಿ ಇಟ್ಟುಕೊಂಡವರಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು ಶೇ 58ರಷ್ಟು ತಗ್ಗಿತು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯಿಂದ ತಗ್ಗಿದ್ದು ಶೇ 31. ಚೆನ್ನೈನಲ್ಲಿ ನಮ್ಮವರ ಮೇಲೆಯೇ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಊಟ ಮತ್ತು ನಡಿಗೆಯ ಬದಲಾವಣೆಯಿಂದ ಶೇ 28.5ರಷ್ಟು ಇಳಿಯಿತು. ನಮ್ಮವರಲ್ಲಿ ಲಾಭ ಅಷ್ಟು ದೊಡ್ಡದಾಗಿ ಕಾಣದಿದ್ದರೂ ಒಂದು ಊರಿನ ಲೆಕ್ಕದಲ್ಲಿ ಅದು ಎಷ್ಟು ಮನೆಗಳನ್ನು ಉಳಿಸುತ್ತದೆ ಎಂದು ಯೋಚಿಸಿ ನೋಡಿ.

ಆದ್ದರಿಂದ ಈ ಪತ್ರದಲ್ಲಿ ಅಳತೆಗಳನ್ನೇ ಬರೆಯುತ್ತಿದ್ದೇವೆ. ಮೊದಲು ಉಪ್ಪು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಹೆಚ್ಚುಕಡಿಮೆ ಒಂದು ಟೀ ಚಮಚ. ಇದನ್ನು ದಿನವೂ ಅಳೆಯುತ್ತ ಕೂರಲು ಯಾರಿಂದಲೂ ಆಗದು. ತಿಂಗಳ ಲೆಕ್ಕ ಸುಲಭ. ನಾಲ್ವರು ದೊಡ್ಡವರಿರುವ ಮನೆಗೆ ದಿನಕ್ಕೆ 20 ಗ್ರಾಂ, ತಿಂಗಳಿಗೆ 600 ಗ್ರಾಂ. ಅಂದರೆ ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಹೊರಗೆ ತಿನ್ನುವ ಮಿರ್ಚಿ, ಖಾರ, ಬಿಸ್ಕತ್ತು, ಬ್ರೆಡ್ಡಿನಲ್ಲಿ ಇರುವ ಉಪ್ಪನ್ನೂ ಸೇರಿಸಿದರೆ ಮನೆಯ ಪ್ಯಾಕೆಟ್ ಎರಡು ತಿಂಗಳು ಬಂದರೆ ಸರಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇನ್ನೂ ಹೆಚ್ಚು ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯಿರಿ. ಡಬ್ಬಿಗೆ ಸುರಿಯುವ ರೂಢಿ ಇದ್ದರೆ ಪ್ಯಾಕೆಟಿನ ಆ ತುಂಡನ್ನು ಕತ್ತರಿಸಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ. ಮುಗಿದ ದಿನ ಎಣಿಸಿ. 25 ದಿನಕ್ಕೇ ಮುಗಿದಿದ್ದರೆ ನಿಮ್ಮ ಮನೆಯವರು ಬೇಕಾದುದರ ಎರಡು ಪಟ್ಟು ಉಪ್ಪು ತಿನ್ನುತ್ತಿದ್ದಾರೆ ಎಂದು ಯಾವ ದವಾಖಾನೆಯೂ ಹೇಳಬೇಕಿಲ್ಲ.

ನಮ್ಮ ಕಡೆಯ ಊಟದಲ್ಲಿ ಉಪ್ಪು ಎಲ್ಲಿಂದ ಬರುತ್ತದೆ ಎಂದು ಗುರುತು ಹಿಡಿಯಬೇಕು. ಜೋಳದ ರೊಟ್ಟಿಗೆ ನಾವು ಉಪ್ಪು ಹಾಕುವುದಿಲ್ಲ. ಕುದಿನೀರು, ಹಿಟ್ಟು, ಅಷ್ಟೇ. ಇದು ನಮ್ಮ ಹಿರಿಯರು ಬಿಟ್ಟುಹೋದ ದೊಡ್ಡ ಆಸ್ತಿ. ರೊಟ್ಟಿ ಸಪ್ಪಗಿದೆ ಎಂದು ಪಕ್ಕಕ್ಕೆ ಇಟ್ಟುಕೊಳ್ಳುವ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಉಪ್ಪಿನಕಾಯಿ, ಕೆಂಪು ಚಟ್ನಿ, ಕರಿದ ಮಜ್ಜಿಗೆ ಮೆಣಸಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಉಪ್ಪು ಕೂತಿದೆ. ಬೆಳಗಿನ ಮಂಡಾಳು (ಮಂಡಕ್ಕಿ) ಒಗ್ಗರಣೆ–ಮಿರ್ಚಿಯ ಲೆಕ್ಕವೇ ಬೇರೆ. ಮಂಡಾಳನ್ನು ಹುರಿಯುವಾಗಲೇ ಅಕ್ಕಿಗೆ ಉಪ್ಪುನೀರು ಬೆರೆಸಿರುತ್ತಾರೆ. ಒಗ್ಗರಣೆಯಲ್ಲಿ ಮತ್ತೊಮ್ಮೆ ಉಪ್ಪು. ಪಕ್ಕದ ಮಿರ್ಚಿಯ ಹಿಟ್ಟಿನಲ್ಲಿ ಉಪ್ಪಿನ ಜೊತೆ ಸೋಡಾ. ಅಡುಗೆ ಸೋಡಾ ಕೂಡ ಸೋಡಿಯಮ್ಮೇ. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 3 ಗ್ರಾಂ ಉಪ್ಪಿನಲ್ಲಿ ಇರುವಷ್ಟು ಸೋಡಿಯಂ ಇರುತ್ತದೆ. ಅದಕ್ಕೆ ರುಚಿ ಉಪ್ಪಿನದಲ್ಲವಾದ್ದರಿಂದ ನಾಲಿಗೆಗೆ ಗೊತ್ತಾಗುವುದಿಲ್ಲ. ಅಂಗಡಿಯ ಪ್ಯಾಕೆಟ್ ತಿಂಡಿಯ ಹಿಂಬದಿಯಲ್ಲಿ ‘ಸೋಡಿಯಂ’ ಎಂದು ಮಿಲಿಗ್ರಾಮಿನಲ್ಲಿ ಬರೆದಿರುತ್ತಾರೆ. ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 800 ಮಿಲಿಗ್ರಾಂ ಎಂದಿದ್ದರೆ 2 ಗ್ರಾಂ ಉಪ್ಪು. ಆ ಅಂಕಿ 100 ಗ್ರಾಂ ತಿಂಡಿಯದೋ, ಒಂದು ಸಲ ತಿನ್ನುವ ಪಾಲಿನದೋ ಎಂಬುದನ್ನೂ ನೋಡಿಕೊಳ್ಳಿ.

ಇಳಿಸುವುದು ಹೇಗೆ? ಬಹಳ ಮನೆಗಳಲ್ಲಿ ಕೆಟ್ಟುಹೋಗುವುದು ಇಲ್ಲೇ. ಅಪ್ಪನಿಗೆ ಬಿಪಿ ಬಂತು ಎಂದ ಕೂಡಲೇ ಅವರೊಬ್ಬರಿಗೆ ಬೇರೆ ಪಾತ್ರೆಯಲ್ಲಿ ಸಪ್ಪನೆ ಬೇಳೆ ಇಡುತ್ತಾರೆ. ನಾಲ್ಕು ದಿನ ತಿನ್ನುತ್ತಾರೆ, ಐದನೇ ದಿನ ಬಸ್ ಸ್ಟ್ಯಾಂಡಿನ ಮಿರ್ಚಿ ಅಂಗಡಿ ಮುಂದೆ ಇರುತ್ತಾರೆ. ಅವರ ತಪ್ಪಲ್ಲ ಅದು. ಒಂದೇ ದಿನಕ್ಕೆ ಉಪ್ಪು ತೆಗೆದರೆ ಯಾರ ನಾಲಿಗೆಯೂ ಒಪ್ಪುವುದಿಲ್ಲ, ಒಬ್ಬರಿಗಷ್ಟೇ ಬೇರೆ ಊಟ ಇಟ್ಟರೆ ಆ ಊಟ ಶಿಕ್ಷೆಯಂತೆ ಕಾಣುತ್ತದೆ. ಇಡೀ ಮನೆಗೆ ಒಂದೇ ಪಾತ್ರೆ ಇರಲಿ. ಕೈಯಿಂದ ಹಾಕುವುದನ್ನು ಬಿಟ್ಟು ಒಂದೇ ಚಮಚ ಗೊತ್ತುಮಾಡಿಕೊಳ್ಳಿ, ಯಾಕೆಂದರೆ ಅತ್ತೆಯ ಚಿಟಿಕೆ ಬೇರೆ, ಸೊಸೆಯ ಚಿಟಿಕೆ ಬೇರೆ. ಮೊದಲ ಎರಡು ವಾರ ರೂಢಿಯ ಅಳತೆಯಲ್ಲಿ ಕಾಲು ಭಾಗ ಕಳೆಯಿರಿ. ಆಮೇಲಿನ ಎರಡು–ಮೂರು ವಾರದಲ್ಲಿ ಇನ್ನೊಂದಿಷ್ಟು. ನಾಲಿಗೆ ಹೊಂದಿಕೊಳ್ಳಲು ಕೆಲವು ವಾರ ಬೇಕಾಗುತ್ತದೆ. ಹೊಂದಿಕೊಂಡ ಮೇಲೆ ಹಳೆಯ ಪಲ್ಯವೇ ಉಪ್ಪುಪ್ಪು ಎನಿಸುತ್ತದೆ. ಅನ್ನಕ್ಕೆ ಉಪ್ಪು ಹಾಕುವ ರೂಢಿ ಇದ್ದರೆ ಅದನ್ನು ಪೂರ್ತಿ ಬಿಡಿ. ಉಪ್ಪನ್ನು ಕೊನೆಗೆ, ಇಳಿಸುವ ಮುಂಚೆ ಹಾಕಿ. ತಟ್ಟೆಯ ಅಂಚಿಗೆ ಉಪ್ಪು ಬಡಿಸುವುದನ್ನು ನಿಲ್ಲಿಸಿ. ಹುಳಿ ಇದ್ದಲ್ಲಿ ಉಪ್ಪು ಕಡಿಮೆ ಸಾಕಾಗುತ್ತದೆ. ಪುಂಡಿಪಲ್ಯ ಇರುವ ಊರಿನವರಿಗೆ ಹುಳಿಗೆ ಬರವೇ? ಹಿಂಡಿ ಕುಟ್ಟುವಾಗ ಬೆಳ್ಳುಳ್ಳಿ, ಜೀರಿಗೆ ತುಸು ಮುಂದೆ ಮಾಡಿ ಉಪ್ಪನ್ನು ಅರ್ಧ ಮಾಡಿದರೆ ಗುರೆಳ್ಳಿನ, ಅಗಸಿಯ ರುಚಿ ಇನ್ನೂ ಚೆನ್ನಾಗಿ ಮೇಲೆ ಬರುತ್ತದೆ.

ಸೈಂಧವ ಲವಣ, ಕಲ್ಲುಪ್ಪು ತಿಂದರೆ ಬಿಪಿ ಬರುವುದಿಲ್ಲ ಎಂಬ ನಂಬಿಕೆ ಊರ ತುಂಬ ಇದೆ. ಬಣ್ಣ ಯಾವುದಿದ್ದರೂ ಅದು ಸೋಡಿಯಂ ಕ್ಲೋರೈಡೇ. ಮೇಲಾಗಿ ಅವುಗಳಲ್ಲಿ ಅಯೋಡಿನ್ ಸಾಮಾನ್ಯವಾಗಿ ಬೆರೆಸಿರುವುದಿಲ್ಲ. ಆದರೆ ಪೊಟ್ಯಾಸಿಯಂ ಬೆರೆಸಿದ ‘ಕಡಿಮೆ ಸೋಡಿಯಂ’ ಉಪ್ಪಿನ ಮಾತು ಬೇರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮುಕ್ಕಾಲು ಭಾಗ ಸಾಧಾರಣ ಉಪ್ಪು, ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಬಳಸಿದವರಲ್ಲಿ ಲಕ್ವಾ ಹೊಡೆಯುವುದು ಶೇ 14ರಷ್ಟು ಕಡಿಮೆಯಾಯಿತು. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಮೂತ್ರಪಿಂಡದ ತೊಂದರೆ ಇರುವವರಿಗೆ, ಬಿಪಿಗೆ ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಗುಳಿಗೆ ನುಂಗುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಏರುಪೇರಾಗಬಹುದು. ಅಂಥವರು ಇರುವ ಮನೆಯಲ್ಲಿ ಡಾಕ್ಟರನ್ನು ಕೇಳದೆ ಇದನ್ನು ತರಬಾರದು.

‘ನಮ್ಮ ಬಿಸಿಲಿಗೆ ಬೆವರು ಹರೀತದ, ಉಪ್ಪು ಬೇಕೇ ಬೇಕು’ ಎನ್ನುವವರಿಗೂ ಒಂದು ಮಾತು. ಬಿಸಿಲಲ್ಲಿ ದಿನವೂ ದುಡಿಯುವ ಮೈ ಕೆಲವೇ ದಿನಗಳಲ್ಲಿ ಬೆವರಿನಲ್ಲಿ ಉಪ್ಪು ಬಿಡುವುದನ್ನು ಕಡಿಮೆ ಮಾಡಿಕೊಳ್ಳುತ್ತದೆ. ಏಪ್ರಿಲ್–ಮೇ ತಿಂಗಳ 42 ಡಿಗ್ರಿಯಲ್ಲಿ ಹೊಲದಲ್ಲಿ ದುಡಿಯುವವರಿಗೆ ನೀರು, ನೆರಳು, ಜೋಳದ ಅಂಬಲಿ, ಮಜ್ಜಿಗೆ ಬೇಕು, ಅದು ಸರಿ. ಫ್ಯಾನಿನ ಕೆಳಗೆ ಕೂತು ವ್ಯಾಪಾರ ಮಾಡುವವರಿಗೆ ಆ ನೆಪ ಸಲ್ಲುವುದಿಲ್ಲ. ಓಆರ್‌ಎಸ್ ಪುಡಿ ಕೂಡ ವಾಂತಿ–ಭೇದಿಗೆ, ಬಿಸಿಲು ಬಡಿದು ಸುಸ್ತಾದವರಿಗೆ; ಬಿಪಿ ಇರುವವರು ದಿನವೂ ಕುಡಿಯುವ ಪಾನಕ ಅದಲ್ಲ.

ಇನ್ನು ತಟ್ಟೆಯ ಮಾತು. 1950ರ ದಶಕದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರು, ಮಾನ್ವಿ, ಗಂಗಾವತಿ ಸೀಮೆ ಭತ್ತದ ಕಣಜವಾಯಿತು. ಬದುಕು ಕಟ್ಟಿಕೊಟ್ಟ ನೀರು ಅದು, ಅದರ ಮೇಲೆ ದೂರಿಲ್ಲ. ಆದರೆ ರೊಟ್ಟಿಯ ಜಾಗಕ್ಕೆ ಅನ್ನ ಬಂದಾಗ ರೊಟ್ಟಿಯ ಜೊತೆಗಿದ್ದ ಪಲ್ಯ, ಕಾಳು, ಹಸಿ ತರಕಾರಿಯೂ ತಟ್ಟೆಯಿಂದ ಜಾರಿದವು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 10 ಗ್ರಾಂ ಪ್ರೋಟೀನ್ ಇದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿಗೂ ಕಡಿಮೆ, ಪ್ರೋಟೀನ್ 8 ಗ್ರಾಂ. ಇಷ್ಟು ಕೇಳಿ ‘ರೊಟ್ಟಿ ಎಷ್ಟು ತಿಂದರೂ ಶುಗರ್ ಏರೋದಿಲ್ಲ’ ಎಂದು ತೀರ್ಮಾನಿಸುವವರೂ ಇದ್ದಾರೆ. ಅದೇ 100 ಗ್ರಾಂ ಜೋಳದಲ್ಲಿ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಸುಮಾರು 68 ಗ್ರಾಂ ಇದೆ, ಅಕ್ಕಿಯಲ್ಲಿ 78. ಅಂತರ ಇದೆ, ಆದರೆ ಲೆಕ್ಕವಿಲ್ಲದೆ ತಿನ್ನಲು ಪರವಾನಗಿ ಕೊಡುವಷ್ಟಿಲ್ಲ.

ಅದೇ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿ ಬೇಕಾದ ಒಬ್ಬರಿಗೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆ–ಕಾಳು, 400 ಗ್ರಾಂ ತರಕಾರಿ–ಸೊಪ್ಪು, 100 ಗ್ರಾಂ ಹಣ್ಣು, 300 ಮಿಲಿ ಹಾಲು ಇಲ್ಲವೇ ಮೊಸರು, 35 ಗ್ರಾಂ ಶೇಂಗಾದಂಥ ಕಾಯಿ–ಬೀಜ, 27 ಗ್ರಾಂ ಎಣ್ಣೆ ಎಂದು ಹೇಳಿದೆ. ಇವೆಲ್ಲ ಬೇಯಿಸುವ ಮುಂಚಿನ ತೂಕ. ನಿಮ್ಮ ಮನೆಯ ರೊಟ್ಟಿಯ ತೂಕ ತಿಳಿಯಲು ತಕ್ಕಡಿ ಬೇಡ. ಒಂದು ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಆಗುತ್ತವೆ ಎಂದು ಒಂದು ದಿನ ಎಣಿಸಿ. ಹದಿನೆಂಟು ಆದರೆ ಒಂದಕ್ಕೆ 55 ಗ್ರಾಂ. ಹನ್ನೆರಡೇ ಆದರೆ 80 ಗ್ರಾಮಿನ ಮೇಲೆ. 55 ಗ್ರಾಮಿನ ರೊಟ್ಟಿ ದಿನಕ್ಕೆ ಮೂರು, ಅದರ ಮೇಲೆ ಸುಮಾರು 85 ಗ್ರಾಂ ಅಕ್ಕಿಯ ಅನ್ನ ಎಂದರೆ ದಿನದ ಧಾನ್ಯ ಮುಗಿಯಿತು. ಕುಂತು ಕೆಲಸ ಮಾಡುವವರಿಗೆ ಈ ಮಾತು. ಭತ್ತದ ಮೂಟೆ ಹೊರುವ ಹಮಾಲರಿಗೆ, ನಾಟಿ ಹಚ್ಚುವ ಹೆಣ್ಣುಮಕ್ಕಳಿಗೆ ಇದು ಸಾಲದು, ಅವರ ತಟ್ಟೆಗೆ ಕೈ ಹಾಕಬೇಡಿ.

ನಾಲ್ವರ ಮನೆಗೆ 85 ಗ್ರಾಂ ಬೇಳೆ–ಕಾಳು ಎಂದರೆ ತಿಂಗಳಿಗೆ ಹತ್ತು ಕಿಲೋ. ಕಳೆದ ತಿಂಗಳ ದಿನಸಿ ಚೀಟಿ ತೆಗೆದು ತೊಗರಿಬೇಳೆ, ಹೆಸರು, ಕಡಲೆ, ಅಲಸಂದಿ, ಮಡಕಿ, ಹುರಳಿ ಎಲ್ಲ ಕೂಡಿಸಿ ನೋಡಿ. ಹತ್ತಿರ ಬರುವ ಮನೆಗಳು ಅಪರೂಪ. ಮೊಟ್ಟೆ, ಮೀನು, ಮಾಂಸ ತಿನ್ನುವವರಿಗೆ ಕಾಳು ತುಸು ಕಡಿಮೆಯಾದರೂ ನಡೆಯುತ್ತದೆ. ಉಳಿದವರಿಗೆ ಪ್ರೋಟೀನ್ ಬರುವುದು ಇಲ್ಲಿಂದಲೇ, ಹೊಟ್ಟೆ ತುಂಬಿದಂತೆ ಇಟ್ಟು ಮೂರನೇ ಬಾರಿ ಅನ್ನ ಬಡಿಸಿಕೊಳ್ಳುವುದನ್ನು ತಪ್ಪಿಸುವುದೂ ಇದೇ. ಬೇಳೆಯ ದರ ಎಲ್ಲರಿಗೂ ಗೊತ್ತು. ಅದಕ್ಕೇ ಒಂದೇ ತೊಗರಿಯನ್ನು ನೆಚ್ಚದೆ ಹುರಳಿ, ಅಲಸಂದಿ, ಮಡಕಿಯನ್ನು ವಾರಕ್ಕೆ ಮೂರು ಸಲ ಮೊಳಕೆ ಕಟ್ಟಿ ಪಲ್ಯ ಮಾಡುವುದು ಒಳ್ಳೆಯದು: ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ನಮ್ಮ ಸೆಕೆಗೆ ಮರುದಿನಕ್ಕೆ ಮೊಳಕೆ. ಬೇಸಿಗೆಯಲ್ಲಿ ಬಟ್ಟೆಗೆ ಮಧ್ಯಾಹ್ನ ಒಮ್ಮೆ ನೀರು ಚಿಮುಕಿಸದಿದ್ದರೆ ಕಾಳು ಒಣಗುತ್ತದೆ; ನೀರು ನಿಂತರೆ ಲೋಳೆಯಾಗಿ ನಾತ ಬರುತ್ತದೆ, ಅಂಥದ್ದನ್ನು ಚೆಲ್ಲಿಬಿಡಿ. ಊಟಕ್ಕೆ ಕೂತಾಗ ಮೊದಲು ಪಲ್ಯ, ಕಾಳು, ಸವತೆಕಾಯಿ, ಮೂಲಂಗಿ, ಹಕ್ಕರಕಿ ಸೊಪ್ಪು ತಿಂದು ಆಮೇಲೆ ರೊಟ್ಟಿ–ಅನ್ನಕ್ಕೆ ಬಂದರೆ ಊಟದ ನಂತರದ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲ.

ಎಣ್ಣೆಗೆ ಉಪ್ಪಿನ ಹಾಗೆಯೇ ತಾರೀಖು ಬರೆಯಿರಿ. ನಾಲ್ವರಿಗೆ ತಿಂಗಳಿಗೆ ಮೂರೂವರೆ ಲೀಟರ್ ದಾಟಬಾರದು. ಕರಿದು ಉಳಿದ ಎಣ್ಣೆಯನ್ನು ಸೋಸಿ ಒಂದೆರಡು ದಿನದೊಳಗೆ ಒಗ್ಗರಣೆಗೆ ಬಳಸಿ ಮುಗಿಸಿ, ಮತ್ತೆ ಕರಿಯಲು ಇಡಬೇಡಿ. ನೊರೆ ನಿಲ್ಲುತ್ತಿದ್ದರೆ, ಕಪ್ಪಾಗಿ ಮಂದವಾಗಿದ್ದರೆ, ಬೇಗ ಹೊಗೆ ಬಂದರೆ ಅದು ಕೆಟ್ಟಿದೆ. ಆಹಾರ ಸುರಕ್ಷತಾ ನಿಯಮದಂತೆ ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ವಸ್ತುಗಳು) ಶೇ 25 ಮೀರಿದರೆ ಅದನ್ನು ಬಳಸುವಂತಿಲ್ಲ. ಬೆಳಗಿನಿಂದ ಸಂಜೆವರೆಗೆ ಅದೇ ಬಾಣಲೆಗೆ ಹೊಸ ಎಣ್ಣೆ ಸುರಿಯುತ್ತ ಹೋಗುವುದು ಹಳೆಯದನ್ನು ಶುದ್ಧ ಮಾಡುವುದಿಲ್ಲ. ಸಕ್ಕರೆ ದಿನಕ್ಕೆ 25 ಗ್ರಾಂ ಒಳಗೆ. ಹೊರಗಿನ ಒಂದು ಕಪ್ ಚಹಾದಲ್ಲಿ ಎರಡು ಚಮಚ ಸಕ್ಕರೆ ಇದ್ದರೆ 10 ಗ್ರಾಂ, ಮೂರು ಕಪ್ಪಿಗೆ 30. ಬೆಲ್ಲಕ್ಕೆ ಬದಲಾಯಿಸಿದರೂ ಲೆಕ್ಕ ಅಷ್ಟೇ.

ನಡಿಗೆಯ ವಿಷಯದಲ್ಲಿ ನಮ್ಮದು ಒಂದು ತಕರಾರಿದೆ. ದಿನವಿಡೀ ಹತ್ತಿ ಹೊಲದಲ್ಲಿ ಬಗ್ಗಿ ಕಳೆ ತೆಗೆದ ಹೆಣ್ಣುಮಗಳಿಗೆ ‘ವಾಕಿಂಗ್ ಮಾಡಮ್ಮ’ ಎಂದು ಹೇಳಿ ಕಳಿಸುವುದು ಅನ್ಯಾಯ. ಆಕೆಗೆ ಬೇಕಾದದ್ದು ಹೊಟ್ಟೆ ತುಂಬ ಕಾಳು, ಏಳು ಗಂಟೆ ನಿದ್ದೆ, ವರ್ಷಕ್ಕೊಮ್ಮೆ ಬಿಪಿ–ಶುಗರ್ ಪರೀಕ್ಷೆ. ನಡೆಯಬೇಕಾದವರು ಗಂಜ್ ಮಾರುಕಟ್ಟೆಯಲ್ಲಿ ಗಾದಿಯ ಮೇಲೆ ಕೂತವರು, ಬ್ಯಾಂಕು–ಶಾಲೆ–ಕಚೇರಿಯವರು, ನೂರು ಹೆಜ್ಜೆಗೂ ಬೈಕ್ ತೆಗೆಯುವವರು, ಹೊಲ ಲಾವಣಿಗೆ ಕೊಟ್ಟು ಕಟ್ಟೆಯ ಮೇಲೆ ಕೂತವರು. ಇವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ. ಬಿರುಸು ಎಷ್ಟಿರಬೇಕು ಎಂದರೆ ಜೊತೆಯವರೊಡನೆ ಮಾತಾಡಲು ಬರಬೇಕು, ಹಾಡಲು ಬರಬಾರದು. ಒಂದೇ ಸಲಕ್ಕೆ ಆಗದಿದ್ದರೆ ಮೂರೂ ಊಟದ ನಂತರ ಹತ್ತು ಹತ್ತು ನಿಮಿಷ ಮಾಡಿ. ಸಕ್ಕರೆ ಹೊಸ್ತಿಲಲ್ಲಿ ಇರುವವರಿಗೆ ಇದು ಇನ್ನೂ ಒಳ್ಳೆಯದು, ಊಟದಿಂದ ಏರುವ ಸಕ್ಕರೆಯನ್ನು ಕಾಲಿನ ಸ್ನಾಯು ಆ ಹೊತ್ತಿಗೇ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಬರಿಗಾಲಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೂ ನಡೆಯಬಾರದು. ಬಿಸಿ ತಾಗಿದ್ದು ತಿಳಿಯುವುದೇ ಇಲ್ಲ, ಬೊಬ್ಬೆ ಎದ್ದದ್ದು ಸಂಜೆ ಕಾಣುತ್ತದೆ, ಅದು ಹುಣ್ಣಾಗಿ ಬೆರಳನ್ನೇ ತೆಗೆಯುವವರೆಗೆ ಹೋಗುತ್ತದೆ. ದಿನವೂ ರಾತ್ರಿ ಪಾದದಡಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಬೂಟು ಹಾಕುವ ಮುಂಚೆ ಒಳಗೆ ಕೈಯಾಡಿಸಬೇಕು. ಇನ್ಸುಲಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ದೂರ ಹೋಗಬಾರದು; ಜೇಬಿನಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇರಲಿ, ಕೈ ನಡುಗಿ ತಣ್ಣನೆ ಬೆವರು ಬಂದರೆ ರಕ್ತದ ಸಕ್ಕರೆ ತೀರಾ ಇಳಿದಿದೆ ಎಂದರ್ಥ, ಅಲ್ಲೇ ಕೂತು ತಿನ್ನಬೇಕು. ಎದೆ ಬಿಗಿದು ದವಡೆಗೋ ತೋಳಿಗೋ ನೋವು ಹರಿದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂಡದೆ 108ಕ್ಕೆ ಕರೆ ಮಾಡಿ.

ನಡಿಗೆಯೊಂದೇ ಸಾಲದು. ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಬೇಕು, ಯಾಕೆಂದರೆ ರಕ್ತದ ಸಕ್ಕರೆ ಹೋಗಿ ಕೂರುವ ದೊಡ್ಡ ಉಗ್ರಾಣವೇ ಸ್ನಾಯು. ಗೋಡೆಗೆ ಆನಿಸಿದ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು; ಗೋಡೆಗೆ ಎರಡೂ ಅಂಗೈ ಒತ್ತಿ ಎದೆಯನ್ನು ಹತ್ತಿರ ತಂದು ಹಿಂದಕ್ಕೆ ತಳ್ಳುವುದು ಹತ್ತು ಸಲ; ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತುವುದು ಹದಿನೈದು ಸಲ; ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಮೊಣಕೈ ಮಡಿಸುವುದು. ಎರಡು ಸುತ್ತು ಮಾಡಿದರೆ ಕಾಲು ಗಂಟೆ. ಏಳುವಾಗ ಮಂಡಿಗಳು ಒಳಕ್ಕೆ ವಾಲಬಾರದು, ವಾಲಿದರೆ ಮರುದಿನ ಮಂಡಿ ನೋಯುತ್ತದೆ. ಉಸಿರು ಬಿಗಿಹಿಡಿಯಬಾರದು, ಹಿಡಿದರೆ ಆ ಕ್ಷಣಕ್ಕೆ ಬಿಪಿ ಜಿಗಿಯುತ್ತದೆ. ಏಳುವಾಗ ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿಯೇ ಹೊರಬರುತ್ತದೆ.

ಹೊಟ್ಟೆಯ ಅಳತೆಗೆ ಟೇಪು ಇಲ್ಲದಿದ್ದರೆ ನೂಲು ಸಾಕು. ನಿಮ್ಮ ಎತ್ತರದಷ್ಟು ನೂಲು ಕತ್ತರಿಸಿ ಸರಿಯಾಗಿ ಅರ್ಧಕ್ಕೆ ಮಡಿಸಿ. ಅಂಗಿ ಮೇಲೆತ್ತಿ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವಿನ ಜಾಗದಲ್ಲಿ, ಉಸಿರು ಸಹಜವಾಗಿ ಬಿಟ್ಟಾಗ ಆ ಮಡಿಕೆಯನ್ನು ಸುತ್ತಿ ನೋಡಿ. ತುದಿಗಳು ಕೂಡಲಿಲ್ಲ ಎಂದರೆ ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಬೊಜ್ಜು ಕೂತಿದೆ. ಟೇಪು ಇದ್ದರೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ಪ್ಯಾಂಟಿನ ಸೈಜನ್ನು ನಂಬಬೇಡಿ, ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿರುತ್ತದೆ.

30 ದಾಟಿದವರು ವರ್ಷಕ್ಕೊಮ್ಮೆ ಬಿಪಿ, ಶುಗರ್ ನೋಡಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಇದಕ್ಕೆ ದುಡ್ಡಿಲ್ಲ. ನೋಡುವ ರೀತಿ ತಪ್ಪಿದರೆ ಅಂಕಿಯೂ ತಪ್ಪುತ್ತದೆ. ಅರ್ಧ ಗಂಟೆ ಮುಂಚಿನಿಂದ ಚಹಾ, ಬೀಡಿ, ತಂಬಾಕು ಬೇಡ. ಮೂತ್ರ ಕಟ್ಟಿಕೊಂಡು ಕೂರಬಾರದು. ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕೂತ ಮೇಲೆ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿದ್ದಾಗ, ಬರಿ ತೋಳಿಗೆ ಪಟ್ಟಿ ಕಟ್ಟಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿಯೂ ಕಾಣುತ್ತದೆ. ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ಮುಟ್ಟಿದರೆ ಅದು ಬಿಪಿ. ಎಂಟು ಗಂಟೆ ಉಪವಾಸದ ನಂತರದ ಸಕ್ಕರೆ 126 ಅಥವಾ ಮೇಲಿದ್ದು ಇನ್ನೊಂದು ದಿನವೂ ಹಾಗೆಯೇ ಬಂದರೆ ಸಕ್ಕರೆ ಕಾಯಿಲೆ. 100ರಿಂದ 125ರ ನಡುವೆ ಇದ್ದರೆ ಇಷ್ಟು ಹೊತ್ತು ಬರೆದದ್ದೆಲ್ಲ ನಿಮಗಾಗಿಯೇ.

ಗುಳಿಗೆ ಶುರುವಾದವರು ಮಾಡುವ ತಪ್ಪು ಒಂದೇ ನಮೂನೆಯದು. ತಿಂಗಳು ನುಂಗುತ್ತಾರೆ, ಬಿಪಿ 130ಕ್ಕೆ ಬರುತ್ತದೆ, ‘ಆರಾಮಾತು’ ಎಂದು ಬಿಡುತ್ತಾರೆ. 130 ಬಂದದ್ದೇ ಗುಳಿಗೆಯಿಂದ. ಬಿಟ್ಟರೆ ಸದ್ದಿಲ್ಲದೆ ಮೇಲೇರುತ್ತದೆ. ತಲೆಸುತ್ತು ಬರುತ್ತದೆ ಎಂದು ಕಾಯುವಂತಿಲ್ಲ, ಬಹಳ ಜನರಿಗೆ ಮೊದಲ ಲಕ್ಷಣವೇ ಲಕ್ವಾ. ಇನ್ನೊಂದು ತಪ್ಪು ಮೈಕೈ ನೋವಿಗೆ ಔಷಧಿ ಅಂಗಡಿಯಲ್ಲಿ ಕೇಳಿ ತಂದು ದಿನವೂ ನುಂಗುವ ಡೈಕ್ಲೋಫೆನಾಕ್‌ನಂಥ ಗುಳಿಗೆ. ಅದು ಬಿಪಿ ಏರಿಸುತ್ತದೆ, ಸಕ್ಕರೆ–ಬಿಪಿ ಇರುವವರ ಮೂತ್ರಪಿಂಡವನ್ನು ಬೇಗ ಕೆಡಿಸುತ್ತದೆ. ಉಪ್ಪು ಇಳಿಸಿಯೂ ಬಿಪಿ ಇಳಿಯದಿದ್ದರೆ ಈ ಗುಳಿಗೆ ನುಂಗುತ್ತಿದ್ದೀರಾ ಎಂದು ಮೊದಲು ಕೇಳಬೇಕು.

ತಂಬಾಕಿನ ಬಗ್ಗೆ ಎರಡೇ ಮಾತು. ಗುಟ್ಕಾ ರಾಜ್ಯದಲ್ಲಿ 2013ರಿಂದ ನಿಷೇಧವಾಗಿದೆ; ಈಗ ಪಾನ್ ಮಸಾಲ ಒಂದು ಚೀಟಿ, ತಂಬಾಕು ಒಂದು ಚೀಟಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. ಬಾಯಿ ತೆರೆದಾಗ ಮೂರು ಬೆರಳು ನೆಟ್ಟಗೆ ಹಿಡಿಸದಿದ್ದರೆ, ಬಿಳಿ ಇಲ್ಲವೇ ಕೆಂಪು ಮಚ್ಚೆ ಇದ್ದರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ಅದೇ ವಾರ ದಂತ ವೈದ್ಯರಿಗೆ ತೋರಿಸಿ. ಬಿಡಲು ನೆರವು ಬೇಕಾದವರಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ.

ಕೊನೆಗೆ ಮೂರು ಕೋರಿಕೆಗಳು. ಕಿರಾಣಿ ಅಂಗಡಿಯವರು ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಮಾರ್ಕರ್ ಪೆನ್ನು ಕಟ್ಟಿಡಲಿ, ಉಪ್ಪು–ಎಣ್ಣೆ ಕಟ್ಟಿಕೊಡುವಾಗ ತಾರೀಖು ಅಲ್ಲಿಯೇ ಬೀಳಲಿ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ಒಂದು ಅಳತೆ ಟೇಪು ಮತ್ತು ಸಣ್ಣ, ದೊಡ್ಡ ಎರಡೂ ಪಟ್ಟಿ ಇರುವ ಒಂದು ಬಿಪಿ ಯಂತ್ರ ಇಡಲು ಪಂಚಾಯಿತಿಯವರು ಮನಸ್ಸು ಮಾಡಲಿ. ತಮ್ಮ ಪತ್ರಿಕೆಯು ಪ್ರತಿ ತಿಂಗಳ 1ನೇ ತಾರೀಖು ಜಿಲ್ಲಾ ಪುಟದಲ್ಲಿ ನಾಲ್ವರ ಮನೆಯ ದಿನಸಿ ಲೆಕ್ಕವನ್ನು ಕತ್ತರಿಸಿ ಅಡುಗೆಮನೆ ಗೋಡೆಗೆ ಅಂಟಿಸುವಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದರೆ, ಅದನ್ನು ಹಳ್ಳಿಯ ಮನೆಮನೆಗೆ ಮುಟ್ಟಿಸುವ ಕೆಲಸ ನಮ್ಮದು.

ಇಂತಿ ತಮ್ಮ ವಿಶ್ವಾಸಿಗಳು,
ಸಮುದಾಯ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವವರು
ಸಿಂಧನೂರು, ರಾಯಚೂರು ಜಿಲ್ಲೆ